ಕೋಲು ಹಿಡಿದವ

ಕೋಲು ಹಿಡಿಯೋದು ನನ್ನ ಕೆಲಸ.
ಕೆಂಪು ಬಿಳಿ ಪಟ್ಟಿ, ಮ್ಯಾಲ ಕರಿ ಅಂಕಿ,
ಎರಡಾಳೆತ್ತರ.
ದೂರದಾಗ ಮೂರು ಕಾಲಿನ ದುರ್ಬೀನಿಗಿ ಒಂದು ಕಣ್ಣು ಹಚ್ಚಿ
ಸಾಹೇಬ್ರು ಕೂಗ್ತಿದ್ರು: ಸಾಯಬಣ್ಣಾ, ಸೀದಾ!
ಉಸಿರು ಬಿಟ್ರ ಅಂಕಿ ಅಲುಗ್ತದಂತ
ಉಸಿರು ಹಿಡದು ನಿಂದರ್ತಿದ್ದೆ.

ಕರಿಹಳ್ಳದ ಹತ್ರ ಮಶಾಕಬೀ ಬಂದ್ಳು,
ತಲಿಮ್ಯಾಲಿನ ಕಟಗಿ ಹೊರಿ ಇಳಿಸಲೇ ಇಲ್ಲ.
“ಇಲ್ಲಿ ಹಳ್ಳ ಹರಿಯಂಗಿಲ್ಲೋ ತಮ್ಮಾ, ಹಾಸ್ತದ.
ಉತ್ತರಿ ಮಳಿಗಿ ಆ ಜಾಲಿಗಿಡದಿಂದ ದರ್ಗಾದ ಕಟ್ಟಿತನಕ
ಚಾಪಿ ಹಾಸಿದಂಗ ಬರ್ತದ,
ಮುಂಜಾನಿ ಸುತ್ಕೊಂಡು ಕಾಗಿಣಾಕ್ಕ ಹೋಗ್ತದ.”
ಸಾಹೇಬ್ರ ಕಾಗದದಾಗ ಹಳ್ಳ
ನೀಲಿ ದಾರದಷ್ಟಿತ್ತು.
ಮೂರು ಪೈಪು ಸಾಕು, ಅಂತ ಬರ್ಕೊಂಡ್ರು.
ಜಾಲಿಗಿಡ ಎಷ್ಟು ದೂರಂತ ನನಗ ಗೊತ್ತಿತ್ತು.
ಅವರು ಕೇಳಲಿಲ್ಲ, ನಾ ಹೇಳಲಿಲ್ಲ.

ಹಳೀ ರಸ್ತಾ ತಗ್ಗಿನಾಗಿತ್ತು.
ನೀರು ಬಂದ್ರ ತಲಿ ಬಗ್ಗಿಸ್ತಿತ್ತು.
ಈ ದಂಡಿಗಿ ಸೇಡಂ ಬಸ್ಸು, ಆ ದಂಡಿಗಿ ತೊಗರಿ ಟ್ರ್ಯಾಕ್ಟರು,
ನಡುವ ಚಹಾದಂಥ ನೀರು, ನಾಲ್ಕು ತಾಸು.
ಚುಟ್ಟಾ ಹಚ್ಕೊಂಡು ಕೂಡ್ತಿದ್ದೆವು,
ಒಮ್ಮಿ ಅಲ್ಲೇ ಯಾರದೋ ಮಗಳಿಗಿ ವರ ಗೊತ್ತಾತು.
ಆದ್ರ ಬೈತಿದ್ದೆವು, ಖರೇ ಹೇಳ್ತೀನಿ, ಭಾಳ ಬೈತಿದ್ದೆವು.
ಬ್ಯಾನಿ ತಿನಕೋತ ನನ್ನ ತಂಗಿ ಚಂದಮ್ಮ
ಬಂಡಿಯಾಗ, ಈ ದಂಡಿಗೇ, ತಣ್ಣಗಾದ್ಳು.
ಅದಕ್ಕೇ ಹೊಸಾ ರಸ್ತಾಕ್ಕ ಮುರುಮ ಬಿದ್ದ ದಿನ
ಮೊದಲನೇ ಕಾಯಿ ನಾನೇ ಒಡದೆ.

ಹತ್ತು ಫೂಟು ಎದ್ದು ನಿಂತಿತು ರಸ್ತಾ,
ತೊಳದ ಎಮ್ಮಿ ಬೆನ್ನಿನಂಗ ಮಿಂಚಿಗೋತ.
ಪೈಪಿನ ಬಾಯಾಗ ಹುಡುಗರು ಕೂಗಿದ್ರ
ಕೂಗು ಆ ಕಡಿ ಹೋಗಿ ತಿರುಗಿ ಬರ್ತಿತ್ತು.
ಒಂದರಾಗ ತೊಗರಿ ಕಟಗಿ ಸಿಕ್ಕೊಂಡವು.
ಇನ್ನೊಂದರಾಗ ಯಾರದೋ ಹರಕ ಕೌದಿ.
ಮೂರನೇದ್ದು ಹೂಳು ತುಂಬಿ
ನಾಯಿ ಮರಿ ಹಾಕೋ ಜಾಗ ಆತು.

ಉತ್ತರಿ ಮಳಿ ಮೂರು ದಿನ ಹಿಡೀತು.
ಹಳ್ಳ ಬಂತು, ಚಾಪಿ ಹಾಸ್ಲಿಕ್ಕ ಜಾಗ ಹುಡುಕ್ತು,
ಹಿಂದಕ್ಕ ತಿರುಗ್ತು.
ನೀರು ಹಿಂದಕ್ಕ ಬರೋದು ನಾ ಹುಟ್ಟಿ ಕಂಡಿದ್ದಿಲ್ಲ.
ಸಪ್ಪಳಿಲ್ಲ, ಸೆಳವಿಲ್ಲ,
ಏರ್ತಿತ್ತು ಅಷ್ಟೇ, ಉಕ್ಕೋ ಮೊದಲಿನ ಹಾಲಿನಂಗ.
ಮಶಾಕಬೀ ಮನಿ ಪರಸಿ ಮ್ಯಾಲ, ಜ್ವಾಳದ ಹಗೇವಿನಾಗ,
ಒಲಿ ಬೂದಿ ತೇಲಿ ದೀಪದ ಗೂಡಿನ ತನಕ.
ರಸ್ತಾದ ಆ ಕಡಿ ಜಟ್ಟೆಪ್ಪನ ಹೊಲ
ಬರೀ ಹಸಿಯಾಗಿ ಕೂತಿತ್ತು.
ಮ್ಯಾಲ ಬಸ್ಸು ಹೋತು, ಹೊತ್ತಿಗಿ ಸರಿಯಾಗಿ,
ಕಿಡಕಿಯಾಗ ಯಾರೋ ಬಾಳಿಹಣ್ಣು ಸುಲೀತಿದ್ರು.

ಮೊದಲ ನೀರಿಗಿ ರಸ್ತಾ ಕಾಯ್ತಿತ್ತು.
ಈಗ ರಸ್ತಾಕ್ಕ ನೀರು ಕಾಯ್ಬೇಕು.
ಎಲ್ಲಿ ನಿಂತು ಕಾಯ್ಬೇಕಂತ
ಯಾವ ಕಾಗದದಾಗೂ ಬರ್ದಿದ್ದಿಲ್ಲ.

ನಡುರಾತ್ರಿ ಜೆಸಿಬಿ ತಂದು ರಸ್ತಾ ಕಡದ್ರು.
ಬ್ಯಾಟರಿ ಹಿಡದವ ನಾನೇ.
ಮೊದಲ ಡಾಂಬರು ಬಾಯಿ ಬಿಡ್ತು, ಆಮ್ಯಾಲ ಮುರುಮ ಕರಗ್ತು,
ಆಮ್ಯಾಲ ಹಳ್ಳಕ್ಕ ತನ್ನ ದಾರಿ ನೆನಪಾತು.
ಬೆಳಗಾಗೋದ್ರಾಗ ಮಶಾಕಬೀ ಹೊಸ್ತಿಲ ಕಂಡಿತು.
ಬೆಳಗಾಗೋದ್ರಾಗ
ಈ ದಂಡಿಗಿ ಬಸ್ಸು, ಆ ದಂಡಿಗಿ ಟ್ರ್ಯಾಕ್ಟರು,
ಅದರ ಹಿಂದ ಆಂಬುಲೆನ್ಸು,
ಒಳಗ ಒಬ್ಬಾಕಿ ಹೊಟ್ಟಿ ಹಿಡಕೊಂಡು ಮಲಗಿದ್ಳಂತ.
ನಾ ಆ ಕಡಿ ಮಾರಿ ಮಾಡಲಿಲ್ಲ.

ವಾರದಾಗ ಮತ್ತ ಮುಚ್ಚಿದ್ರು, ಮತ್ತ ಮೂರು ಪೈಪು.
ಮತ್ತ ದುರ್ಬೀನು, ಹೊಸಾ ಸಾಹೇಬ್ರು, ಮೀಸಿ ಈಗೀಗ ಬಂದದ.
ಕೋಲು ಹಿಡಿ, ಅಂದ್ರು.
ನಾ ರಸ್ತಾ ಇಳದು ಹೋಗಿ
ಮಶಾಕಬೀ ಗ್ವಾಡಿಗಿ ಹಚ್ಚಿ ಹಿಡದೆ.
ನೀರು ನಿಂತ ಗೆರಿ ಇನ್ನಾ ಆರಿದ್ದಿಲ್ಲ:
ಒಂದು ಮೀಟರ ನಲವತ್ತು.
ಅಲ್ಲಲ್ಲ, ಅದು ನಮ್ಮ ಲೈನಿನಾಗ ಬರಂಗಿಲ್ಲ,
ದೂರದಿಂದ ಕೈ ಬೀಸಿದ್ರು.
ಕೌದಿ ಹಿಂಡಿಗೋತ ಮುದುಕಿ ನನ್ನೇ ನೋಡ್ತಿದ್ಳು.
ನಾ ಸೀದಾ ನಿಂತೆ,
ಉಸಿರು ಹಿಡದು.